ಹೂ ಬಿಟ್ಟ ಮೇಲೆ ಎಲೆ ಕೀಳಬೇಕಾ?

ಸೆಪ್ಟೆಂಬರ್ ಮೊದಲ ವಾರ. ಬೇಲಿಯ ಆಚೆಯಿಂದ ಪಕ್ಕದ ಮನೆಯ ಅಜ್ಜ ಕರೆದರು. ಕೈಯಲ್ಲಿ ಕತ್ತರಿ ಇತ್ತು. "ನೀನು ರೈತರ ಮನೆಯವನಲ್ವಾ? ಹೇಳು, ಈ ಎಲೆ ತೆಗೆಯಲಾ, ಬಿಡಲಾ?" ಅವರ ಹಿಂದೆ ಎದೆಯೆತ್ತರದ ನಾಲ್ಕು ಗಿಡ. ಗಾಂಜಾ ಗಿಡ.

ಗಾಬರಿಯಾಗಬೇಡಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಾನಿರುವ ಒಂಟಾರಿಯೊದಲ್ಲಿ 19 ತುಂಬಿದವರು ಸ್ವಂತಕ್ಕೆ ಬೆಳೆಯಬಹುದು. ಮನೆಗೆ ನಾಲ್ಕು ಗಿಡ, ತಲೆಗೆ ನಾಲ್ಕಲ್ಲ. ನನಗೆ ಅದರ ಸಹವಾಸವಿಲ್ಲ. ಆದರೆ ಅಜ್ಜನ ಪ್ರಶ್ನೆ ಗಿಡದ ಪ್ರಶ್ನೆ, ಅದು ನನ್ನನ್ನು ಬಿಡಲಿಲ್ಲ.

ಅವರು ಎರಡು ಸಲ ಪೆಟ್ಟು ತಿಂದಿದ್ದರು. ಒಂದು ವರ್ಷ ಹೂವಿಗೆ ಬಿಸಿಲು ಬೀಳಲಿ ಅಂತ ದೊಡ್ಡ ಎಲೆಗಳನ್ನೆಲ್ಲ ಬೋಳಿಸಿದರು. ಹೂ ಸಣ್ಣದಾಗಿಯೇ ಉಳಿಯಿತು. ಮರುವರ್ಷ ಒಂದು ಎಲೆಯನ್ನೂ ಮುಟ್ಟಲಿಲ್ಲ. ಗಿಡದ ಒಳಗೆ ಗಾಳಿಯಾಡದೆ ಹೂವಿಗೆ ಬೂದು ಬೂಷ್ಟು ಹಿಡಿಯಿತು.

ರಾತ್ರಿ ಗದಗಿಗೆ ಫೋನ್ ಮಾಡಿದೆ. ನಮ್ಮ ಕಾಕಾ ಎರಿ ಹೊಲದಲ್ಲಿ ಕಡ್ಲಿ ಬೆಳೆಯುತ್ತಾರೆ.

"ಗಾಂಜಾನ? ಏನ್ ಉಸಾಬರಿ ಹಚ್ಚಿಕೊಂಡೀಯೋ ತಮ್ಮಾ!"

ಅವರ ಹೆದರಿಕೆ ಸರಿಯೇ. ನಮ್ಮ ದೇಶದಲ್ಲಿ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಬೆಳೆದರೆ 10 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತೆನೆ. ತೆನೆ ಜೊತೆಗಿಲ್ಲದಿದ್ದರೆ ಬರೀ ಎಲೆ, ಬೀಜ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಗಿಡ ಹಚ್ಚುವುದೇ ಅಪರಾಧ. ಊರಲ್ಲಿ ಯಾರೂ ಇದನ್ನು ಓದಿ ಕೈ ಹಾಕಬೇಡಿ. ಇಲ್ಲಿಂದ ಬರುವಾಗ ಒಂದು ಎಳೆಯನ್ನೂ ಬ್ಯಾಗಿನಲ್ಲಿ ತರಬೇಡಿ.

ಎಲ್ಲ ಹೇಳಿ ಮುಗಿಸಿದ ಮೇಲೆ ಕಾಕಾ ಸ್ವಲ್ಪ ಸುಮ್ಮನಿದ್ದರು. ಆಮೇಲೆ ಕೇಳಿದರು. "ಕಡ್ಲಿ ಕುಡಿ ಯಾವಾಗ ಚಿವುಟ್ತೀವಿ? ಹೂ ಆಡೂಕಿಂತ ಮೊದ್ಲ, ಹೌದಿಲ್ಲೋ?"

ಹೌದು. ಹಿಂಗಾರಿಗೆ ಬಿತ್ತಿ 30–35 ದಿನ ಆದಾಗ ಅವ್ವ, ಕಾಕು, ಓಣಿಯ ಹೆಂಗಸರು ಸಾಲು ಹಿಡಿಯುತ್ತಿದ್ದರು. ತುದಿಯ ಕುಡಿ ಚಿವುಟಿದರೆ ಪಕ್ಕದಿಂದ ಟೊಂಗೆ ಒಡೆಯುತ್ತದೆ. ಟೊಂಗೆ ಜಾಸ್ತಿಯಾದರೆ ಕಾಯಿ ಜಾಸ್ತಿ. ಚಿವುಟಿದ್ದು ಉಡಿಗೆ, ಉಡಿಯಿಂದ ಮನೆಗೆ. ರೊಟ್ಟಿ ಜೊತೆ ಹಸಿ ಕಡ್ಲಿ ಪಲ್ಯ, ಉಳ್ಳಾಗಡ್ಡಿ, ಖಾರ. ಬೆರಳೆಲ್ಲ ಹುಳಿ. ಆ ಹುಳಿ ಎಲೆಯ ಮೇಲಿನ ಸಣ್ಣ ರೋಮಗಳಿಂದ ಬರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಗಿಡದ ಮೇಲೆ ಬಟ್ಟೆ ಆಡಿಸಿ, ಹಿಂಡಿ, ಹುಳಿ ನೀರು ತೆಗೆದಿಡುತ್ತಿದ್ದರು. ಗಾಂಜಾ ಹೂವಿನ ಅಂಟೂ ಅಂಥ ರೋಮಗಳ ತುದಿಯಲ್ಲೇ ಇರುತ್ತದೆ ಅಂತ ನನಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಹೂವಾಡಿದ ಕಡ್ಲಿ ಹೊಲದಲ್ಲಿ ಮಾತ್ರ ಅಜ್ಜಿ ಯಾರಿಗೂ ಕೈ ಹಾಕಗೊಡುತ್ತಿರಲಿಲ್ಲ.

ಅಜ್ಜನ ಗಿಡಕ್ಕೂ ಅದೇ ಲೆಕ್ಕ. ಇಲ್ಲಿ ಜೂನ್‌ನಲ್ಲಿ ಹಗಲು 15 ತಾಸಿಗಿಂತ ಜಾಸ್ತಿ. ಹಗಲು ಗಿಡ್ಡವಾಗುತ್ತ ಬಂದಂತೆ, ಆಗಸ್ಟ್‌ನಲ್ಲಿ ಈ ಗಿಡ ಹೂವಿಗೆ ತಿರುಗುತ್ತದೆ. ಮೊದಲ ಎರಡು ಮೂರು ವಾರ ಇನ್ನೂ ಎತ್ತರಕ್ಕೆ ಎಳೆಯುತ್ತದೆ. ಅಲ್ಲಿಯವರೆಗೆ ನಾಲ್ಕು ಎಲೆ ಹೋದರೂ ತಡೆದುಕೊಳ್ಳುತ್ತದೆ. ಅದಾದ ಮೇಲೆ ಹೊಸ ದೊಡ್ಡ ಎಲೆ ಬರುವುದು ಕಡಿಮೆ. ಹೂವಿಗೆ ಊಟ ಮಾಡಿ ಹಾಕುವುದು ಇದ್ದ ಎಲೆಗಳೇ. ದೊಡ್ಡ ಎಲೆಯಲ್ಲಿ ಸಾರಜನಕದ ದಾಸ್ತಾನೂ ಇರುತ್ತದೆ. ಕೊನೆಕೊನೆಗೆ ಗಿಡ ಅದನ್ನು ಎಳೆದುಕೊಂಡಾಗ ಕೆಳಗಿನ ಎಲೆ ತಾನೇ ಹಳದಿಯಾಗುತ್ತದೆ. ಹಸಿರು ಎಲೆಯನ್ನು ಸುಮ್ನೆ ಕಿತ್ತರೆ ಕಾಳು ತುಂಬಿಟ್ಟ ಹಗೇವನ್ನು ಬರಿದು ಮಾಡಿದ ಹಾಗೆ.

ಗಾಜಿನ ಮನೆಗಳಲ್ಲಿ ಬೇರೆ ಮಾತು. ಅಲ್ಲಿ ಗಿಡಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ, ಒಂದರ ನೆರಳು ಇನ್ನೊಂದಕ್ಕೆ. ಎಲೆ ತೆಗೆಯುವುದಕ್ಕೆ ಅರ್ಥವಿದೆ. ತಳಿಯಿಂದ ತಳಿಗೂ ಫಲ ಬೇರೆ. ಆದರೆ ಹಿತ್ತಲಲ್ಲಿ ಬಿಡಿಬಿಡಿಯಾಗಿ, ನಾಲ್ಕೂ ಕಡೆ ಬಿಸಿಲಿನಲ್ಲಿ ನಿಂತ ಗಿಡವನ್ನು ಬೋಳಿಸುವುದು ತಪ್ಪು ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಹಾಗಾದರೆ ಬೂಷ್ಟು? ಸೆಪ್ಟೆಂಬರ್ ರಾತ್ರಿ ಇಲ್ಲಿ ತಂಪು, ಇಬ್ಬನಿ ಸುರಿಯುತ್ತದೆ. ಅದಕ್ಕೆ ಗಾಳಿಗೆ ದಾರಿ ಮಾಡಿಕೊಡಲೇಬೇಕು.

ಒಂದು ಒಣ ಬೆಳಗು ನೋಡಿ ಇಬ್ಬರೂ ಕೂತೆವು. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದೆವು. ಮುಟ್ಟಿದರೆ ಕಳಚುವ ಹಳದಿ ಎಲೆ ತೆಗೆದೆವು. ನೆಲಕ್ಕೆ ತಾಗುವಂಥವು, ಒಳಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿದವು ಹೋದವು. ಹೂವಿಗೆ ಅಡ್ಡ ಬಂದ ದೊಡ್ಡ ಎಲೆಯನ್ನು ಕೀಳದೆ ಪಕ್ಕಕ್ಕೆ ಸರಿಸಿದೆವು. ಹೂವಿನೊಳಗಿಂದಲೇ ಬಂದ ಪುಟ್ಟ ಎಲೆಗಳನ್ನು ಮುಟ್ಟಲಿಲ್ಲ. ಅಜ್ಜನ ಕೈ ಮತ್ತೆ ಮತ್ತೆ ಮೇಲಕ್ಕೆ ಹೋಗುತ್ತಿತ್ತು, ನಾನು ಹಿಡಿಯುತ್ತಿದ್ದೆ.

ಅಕ್ಟೋಬರ್ ಎರಡನೇ ವಾರ, ಹಿಮ ಬೀಳುವ ಮೊದಲು ಅವರು ಗಿಡ ಕೊಯ್ದರು. ಒಂದು ಹೂವಿನಲ್ಲಿ ಮಾತ್ರ ಬೂಷ್ಟು ಸಿಕ್ಕಿತು. ಆ ಟೊಂಗೆಯನ್ನು ಪೂರ್ತಿ ಎಸೆದರು. ಉಳಿದದ್ದನ್ನು ತೋರಿಸಲು ನನ್ನನ್ನು ಬೇಲಿಯ ಹತ್ತಿರ ಎರಡು ಸಲ ಕರೆದರು.

ಅದೇ ವಾರ ಕಾಕಾ ಕಡ್ಲಿ ಬಿತ್ತಿದರು. ಕುಡಿ ಚಿವುಟುವ ದಿನ ವಿಡಿಯೊ ಕಾಲ್ ಮಾಡಲು ಅವ್ವನಿಗೆ ಹೇಳಿದ್ದೇನೆ. ಅಜ್ಜನಿಗೂ ನೋಡಬೇಕಂತೆ.