ಎಂಟು ಮಿಲಿಸೆಕೆಂಡಿನ ಸಿಂಗಾಪುರ

ನಮ್ಮ ಮನೆಯ ಇಂಟರ್ನೆಟ್ ಕೆಲವು ದಿನ ಮಾತ್ರ ನಿಧಾನವಾಗುವುದಕ್ಕೆ ಕಾರಣ ಕೊನೆಗೂ ಸಿಕ್ಕಿತು. ಮೂರು ವಾರ, ಎರಡು ಜಗಳ, ಒಂದು ನಕಲಿ ಕೇಬಲ್ ಆದ ಮೇಲೆ.

ಓಪನ್‌ವರ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಮುಂಬೈನಲ್ಲಿ ಬಾಡಿಗೆಗೆ ಹಿಡಿದ ಪುಟ್ಟ ಸರ್ವರ್, ಅಂದರೆ ವಿಪಿಎಸ್. ಸೆಟಪ್ ಕಥೆ ಬೇಡ, ನಿಮಗೆಲ್ಲ ಗೊತ್ತಿರುವುದೇ. ತೊಂದರೆ ಇಷ್ಟು: ಬೆಂಗಳೂರಿನ ನಮ್ಮ ಮನೆಯಿಂದ ಆ ವಿಪಿಎಸ್‌ಗೆ ಪಿಂಗ್ (ಪುಟ್ಟ ಡೇಟಾ ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯ) ಒಂದು ದಿನ 24 ಮಿಲಿಸೆಕೆಂಡ್, ಇನ್ನೊಂದು ದಿನ 71. ನಡುವಿನ ಸಂಖ್ಯೆಯೇ ಇಲ್ಲ. ಟ್ರಾಫಿಕ್ ಜಾಸ್ತಿಯಾಗಿದ್ದರೆ ಏರಿಳಿತ ಕಾಣಬೇಕಿತ್ತು, ಅಲ್ವಾ?

ಮೊದಲು ಕೇಬಲ್ ಮೇಲೆ ಅನುಮಾನ ಬಂತು. ಹತ್ತು ಮೀಟರ್ ತಂತಿ 47 ಮಿಲಿಸೆಕೆಂಡ್ ನುಂಗಲ್ಲ ಅಂತ ಗೊತ್ತಿದ್ದೂ ಎಸ್‌ಪಿ ರೋಡಿಗೆ ಹೋಗಿ 'ಶುದ್ಧ ತಾಮ್ರ'ದ ಕ್ಯಾಟ್-6 ತಂದೆ. ಕ್ರಿಂಪ್ ಮಾಡುವಾಗ ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ! ಮೇಲೆ ತಾಮ್ರದ ಪೂಸು. ವಾಪಸ್ ಕೊಡಲು ಹೋದರೆ "ಕಟ್ ಮಾಡಿದ್ದು ತಗೊಳಲ್ಲ ಸಾರ್" ಎಂದ ಅಂಗಡಿಯವ. ಕಟ್ ಮಾಡದೆ ಗೊತ್ತಾಗೋದು ಹೇಗಪ್ಪಾ?

ಸರಿ, 71 ಬಂದ ದಿನ ಎಂಟಿಆರ್ ಹಚ್ಚಿಕೊಂಡು ಕೂತೆ. ಲಾಲ್‌ಬಾಗ್ ಪಕ್ಕದ್ದಲ್ಲ, ಪ್ಯಾಕೆಟ್ ದಾಟುವ ಒಂದೊಂದು ರೂಟರನ್ನೂ (ಹಾಪ್) ಅಲ್ಲಿಗೆ ಹಿಡಿದ ಸಮಯವನ್ನೂ ತೋರಿಸುವ ಟ್ರೇಸ್‌ರೂಟ್‌ನ ತಮ್ಮ. ಹಾಪ್ 2ರ ವಿಳಾಸ 100.64ರಿಂದ ಶುರು, ಐಎಸ್‌ಪಿಯ (ಇಂಟರ್ನೆಟ್ ಕೊಡುವ ಕಂಪನಿಯ) ಸಿಜಿನ್ಯಾಟ್, ಅಂದರೆ ಹಲವು ಮನೆಗಳಿಗೆ ಒಂದೇ ಹೊರಗಿನ ವಿಳಾಸ ಹಂಚುವ ಪೆಟ್ಟಿಗೆ. 2012ರಿಂದ ಅದಕ್ಕೆಂದೇ ಮೀಸಲಿಟ್ಟ ವಿಳಾಸಗಳ ಬ್ಲಾಕ್. ಹಾಪ್ 4 ಹೆಸರಿಲ್ಲದ ಒಂದು 10.x ಖಾಸಗಿ ವಿಳಾಸ. ಹಾಪ್ 5ಕ್ಕೆ 8 ಮಿಲಿಸೆಕೆಂಡ್, ಹೆಸರಿನ ಮಧ್ಯೆ ಎಸ್-ಐ-ಎನ್ ಎಂಬ ಮೂರು ಅಕ್ಷರ. ಸಿಂಗಾಪುರ ಏರ್‌ಪೋರ್ಟ್ ಕೋಡ್. ಹಾಪ್ 6ಕ್ಕೆ 140. ಹಾಪ್ 7 ಬರೀ ನಕ್ಷತ್ರ, ಅಂದರೆ ಉತ್ತರವೇ ಇಲ್ಲ. ಹಾಪ್ 8ರಿಂದ ಕೊನೆವರೆಗೂ 71.

ಇದನ್ನು ಗೆಳೆಯನಿಗೆ ಕಳಿಸಿದೆ. ಹದಿನೈದು ವರ್ಷದಿಂದ ನೆಟ್‌ವರ್ಕ್ ಇಂಜಿನಿಯರ್, ಗೋಡೆ ತುಂಬ ಸರ್ಟಿಫಿಕೇಟು. ನೋಡಿದ ತಕ್ಷಣ ತೀರ್ಪು ಕೊಟ್ಟ: "ಪ್ಯಾಕೆಟ್ ಸಿಂಗಾಪುರ ಸುತ್ತಿಕೊಂಡು ಬರ್ತಿದೆ. ಹೆಸರಲ್ಲೇ ಇದೆಯಲ್ಲ. ಹಾಪ್ 6 ಸುಸ್ತಾಗಿದೆ."

ನಾನು ಬಿಡಲಿಲ್ಲ. ಫೈಬರ್‌ನಲ್ಲಿ ಬೆಳಕಿಗೆ 100 ಕಿಲೋಮೀಟರ್ ಹೋಗಿ ಬರಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಇಲ್ಲಿಂದ ಸಿಂಗಾಪುರ 3,000 ಕಿಲೋಮೀಟರಿಗೂ ಜಾಸ್ತಿ. 8 ಮಿಲಿಸೆಕೆಂಡಿನಲ್ಲಿ ಹೊರಟವನು ಚೆನ್ನೈ ದಾಟಿ ಬಂಗಾಳ ಕೊಲ್ಲಿಯಲ್ಲಿ ಮುಳುಗುತ್ತಾನೆ, ಅಷ್ಟೇ. ರೂಟರ್ ಎಲ್ಲೋ ಇದೆ, ಹೆಸರು ಬದಲಿಸುವುದನ್ನು ಯಾರೋ ಮರೆತಿದ್ದಾರೆ. ಇನ್ನು ಹಾಪ್ 6 ನಿಜಕ್ಕೂ ಸುಸ್ತಾಗಿದ್ದರೆ ಅದನ್ನು ದಾಟಿದ ಮೇಲಿನವು 71ಕ್ಕೆ ಹೇಗೆ ಇಳಿದಾವು? ರೂಟರಿನಲ್ಲಿ ಪ್ಯಾಕೆಟ್ ಸಾಗಿಸುವುದು ಬೇರೆಯದೇ ಚಿಪ್‌ನ ಕೆಲಸ. ಟಿಟಿಎಲ್ (ಪ್ಯಾಕೆಟ್ ಎಷ್ಟು ಹಾಪ್ ದಾಟಬಹುದು ಎಂಬ ಎಣಿಕೆ) ಮುಗಿಯಿತು ಅಂತ ಉತ್ತರ ಬರೆಯುವುದು ಪಾಪದ ಸಿಪಿಯು, ಪುರುಸೊತ್ತಾದಾಗ.

"ನೀನು ಹವ್ಯಾಸಕ್ಕೆ ಮಾಡೋನು, ನಾನು ಹೊಟ್ಟೆಪಾಡಿಗೆ ಮಾಡೋನು" ಎಂದ. ಚುರುಕ್ ಅಂತು. ಅನುಭವಿ ಇಂಜಿನಿಯರ್‌ಗಳೂ ಟ್ರೇಸ್‌ರೂಟ್ ಓದುವಾಗ ಎಡವುತ್ತಾರೆ ಅಂತ ನೆಟ್‌ವರ್ಕ್ ತಜ್ಞ ರಿಚರ್ಡ್ ಸ್ಟೀನ್‌ಬರ್ಗನ್ ನಾನಾಗ್ (ಉತ್ತರ ಅಮೆರಿಕದ ನೆಟ್‌ವರ್ಕ್ ನಡೆಸುವವರ ಬಳಗ) ಸಭೆಯಲ್ಲಿ ಹೇಳಿದ್ದರ ಸ್ಲೈಡ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ವಾದ ಗೆದ್ದೆ, ಆದರೆ 47 ಮಿಲಿಸೆಕೆಂಡ್ ಎಲ್ಲಿ ಹೋಯಿತು ಅಂತ ನನಗೂ ಗೊತ್ತಿರಲಿಲ್ಲ. ಪ್ಯಾಕೆಟ್‌ಗಳು ಬೇರೆ ಬೇರೆ ದಾರಿಗೆ ಚೆದುರದಂತೆ ನೋಡುವ ಪ್ಯಾರಿಸ್ ಟ್ರೇಸ್‌ರೂಟ್ ಹಚ್ಚಿದೆ, ಅದೇ ದಾರಿ. ಬೇರೆ ಥರದ ಪ್ಯಾಕೆಟ್ (ಟಿಸಿಪಿ) ಕಳಿಸಿದೆ, ಅದೇ. ಒಂದು ವಾರ ಹೀಗೇ ಕಳೆಯಿತು.

ಆಮೇಲೆ ಒಂದು ರಾತ್ರಿ ಹೊಳೆಯಿತು. ಇಷ್ಟು ದಿನ ನಾನು ನೋಡಿದ್ದು ಹೋಗುವ ದಾರಿ ಮಾತ್ರ! ಉತ್ತರ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ ಅಂತ ಟ್ರೇಸ್‌ರೂಟ್ ಯಾವತ್ತೂ ತೋರಿಸುವುದಿಲ್ಲ. ವಿಪಿಎಸ್‌ಗೆ ಲಾಗಿನ್ ಆಗಿ ಮನೆಯ ಪಬ್ಲಿಕ್ ಐಪಿಗೆ (ಹೊರಗೆ ಕಾಣುವ ವಿಳಾಸಕ್ಕೆ) ಟ್ರೇಸ್ ಬಿಟ್ಟೆ. ಸಿಜಿನ್ಯಾಟ್ ಪೆಟ್ಟಿಗೆವರೆಗೆ ಹೋದರೂ ಸಾಕು. ನಾಲ್ಕನೇ ಸಾಲಿನಲ್ಲಿ ಮತ್ತೆ ಎಸ್-ಐ-ಎನ್. ಪಕ್ಕದಲ್ಲಿ 58 ಮಿಲಿಸೆಕೆಂಡ್. ಇದು ಅಸಲಿ ಸಿಂಗಾಪುರ.

ಅಂದರೆ ಗೆಳೆಯ ಹೇಳಿದ ಊರು ಸರಿ, ತೋರಿಸಿದ ಹಾಪ್ ತಪ್ಪು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿದೆ. ಅವನಿಗೆ ಹೇಳಿದೆ. "ನಾನು ಅವತ್ತೇ ಹೇಳಿರಲಿಲ್ವಾ?" ಎಂದ. ತಲೆ ಚಚ್ಚಿಕೊಂಡೆ.

ಆದರೆ ದಿನಕ್ಕೊಂದು ಥರ ಯಾಕೆ? ಇದಕ್ಕೆ ಉತ್ತರ ಕೊಟ್ಟಿದ್ದು ನಾನು ಬೈದುಕೊಂಡಿದ್ದ ಹೆಲ್ಪ್‌ಲೈನ್ ಹುಡುಗ. ಪ್ರತಿ ಸಲ "ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್" ಅನ್ನುತ್ತಿದ್ದ. ಮಾಡಿದರೆ ಸುಮಾರು ಸಲ ಸರಿಯೂ ಹೋಗುತ್ತಿತ್ತು! ಪಿಪಿಪಿಓಇ (ರೂಟರ್ ಐಎಸ್‌ಪಿಗೆ ಲಾಗಿನ್ ಆಗುವ ಸಂಪರ್ಕ) ಹೊಸದಾಗಿ ಎದ್ದಾಗ ಪಬ್ಲಿಕ್ ಐಪಿ ಬದಲಾಗುತ್ತಿತ್ತು. ಬೇರೆ ನೆಟ್‌ವರ್ಕಿನ ರೂಟರ್‌ಗೆ ಯಾವ ದಾರಿ ಕಾಣುತ್ತದೆ ಅಂತ ತೋರಿಸುವ ಲುಕಿಂಗ್ ಗ್ಲಾಸ್ ಪುಟ ತೆಗೆದು ನೋಡಿದೆ. ಐಎಸ್‌ಪಿಯ /22 ಬ್ಲಾಕ್ (ವಿಳಾಸಗಳ ದೊಡ್ಡ ಗುಂಪು) ಮುಂಬೈನಲ್ಲೇ ಕೈಗೆ ಸಿಗುತ್ತದೆ. ಅದರೊಳಗಿನ ಒಂದು /24 (ಸಣ್ಣ ತುಂಡು) ಮಾತ್ರ ಸಿಂಗಾಪುರದ ಟ್ರಾನ್ಸಿಟ್ (ಬೇರೆಯವರ ಟ್ರಾಫಿಕ್ ಸಾಗಿಸುವ ಕಂಪನಿ) ಕಡೆಯಿಂದ ಪ್ರತ್ಯೇಕವಾಗಿ ಸಾರಲಾಗಿದೆ. ನೆಟ್‌ವರ್ಕ್‌ಗಳು ದಾರಿ ಹಂಚಿಕೊಳ್ಳುವ ಬಿಜಿಪಿ ಹತ್ತಿರ ಯಾವುದು ಅಂತ ಕೇಳುವುದಿಲ್ಲ, ರೂಟರ್‌ಗಳು ಉದ್ದದ ಪ್ರಿಫಿಕ್ಸ್ (ಅಂದರೆ ಸಣ್ಣ ಗುಂಪು) ಸಿಕ್ಕಿದರೆ ಅದರ ಹಿಂದೆಯೇ ಓಡುತ್ತವೆ. ನಾನು ಆ /24ರಲ್ಲಿ ಬಿದ್ದ ದಿನವೆಲ್ಲ 71.

ಎರಡೂ ಕಡೆಯ ಟ್ರೇಸ್ ಸಮೇತ ಐಎಸ್‌ಪಿಗೆ ಮೇಲ್ ಹಾಕಿದೆ. ಮರುದಿನ ಉತ್ತರ ಬಂತು: ಟಿಕೆಟ್ ಕ್ಲೋಸ್ ಮಾಡಲಾಗಿದೆ, ರೇಟಿಂಗ್ ಕೊಡಿ.

ಈ ಮಧ್ಯೆ ತಲೆಯಲ್ಲಿ ಹೊಸ ಹುಳ ಹೊಕ್ಕಿದೆ. ಎರಡು ಪೈ, ಎರಡಕ್ಕೂ ಜಿಪಿಎಸ್ ಗಡಿಯಾರ, ಒಂದು ಇಲ್ಲಿ, ಇನ್ನೊಂದು ಮುಂಬೈನ ಭಾವನ ಮನೆಯಲ್ಲಿ. ಗಡಿಯಾರ ಎರಡೂ ಕಡೆ ಸರಿಯಿದ್ದರೆ ಹೋಗುವ ಸಮಯ ಬೇರೆ, ಬರುವ ಸಮಯ ಬೇರೆ ಅಳೆಯಬಹುದು. ಜಿಪಿಎಸ್ ಮಾಡ್ಯೂಲ್ ಆರ್ಡರ್ ಮಾಡಿದ್ದೆ, ಒಂಬತ್ತು ದಿನ ತಡವಾಗಿ ಬಂತು, ಸೆಕೆಂಡಿಗೊಮ್ಮೆ ನಿಖರವಾಗಿ ಮಿಡಿಯುವ ಪಿಪಿಎಸ್ ಪಿನ್ನೇ ಇಲ್ಲದ್ದು. ಫೋಟೋದಲ್ಲಿ ಪಿನ್ ಇತ್ತು! ಭಾವನನ್ನು ಇನ್ನೂ ಕೇಳಿಲ್ಲ, ಬಾಲ್ಕನಿಯಲ್ಲಿ ಆಂಟೆನಾ ಇಡಬೇಕು ಅಂದರೆ ಅಕ್ಕ ಏನಂತಾಳೋ.

ಸದ್ಯಕ್ಕೆ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಬೆಳಗಿನ ಜಾವ 4ಕ್ಕೆ ಎದ್ದು ಪಬ್ಲಿಕ್ ಐಪಿ ನೋಡುತ್ತದೆ, ಆ ದರಿದ್ರ /24 ಸಿಕ್ಕಿದ್ದರೆ ಪಿಪಿಪಿಓಇ ಬೀಳಿಸಿ ಮತ್ತೆ ಎಬ್ಬಿಸುತ್ತದೆ, ಒಳ್ಳೆಯದು ಸಿಗುವವರೆಗೆ. ಮೊನ್ನೆ ಆರು ಸಲವೂ ಅದೇ ಸಿಕ್ಕಿ, ಅಲ್ಲಿಗೆ ಸೆಷನ್ನೇ ಲಾಕ್ ಆಗಿ ನೆಟ್ ಬಂದ್ ಆಯಿತು. ಬೆಳಿಗ್ಗೆ 9ಕ್ಕೆ ನನ್ನ ಹೆಂಡತಿಗೆ ಆಫೀಸ್ ಮೀಟಿಂಗ್ ಇತ್ತು. ಈಗ ಮಿತಿ ಎರಡು ಸಲ.