ಬೇಡದ ಪದರ, ಬೇಕಾದ ಪದರ
ಫೀನಾಲ್ ಅಂದರೆ ಎಲೆಕ್ಟ್ರೋಕೆಮಿಸ್ಟ್ರಿ ಲ್ಯಾಬಿನವರಿಗೆ ಅಷ್ಟಕ್ಕಷ್ಟೇ. ದ್ರಾವಣದಲ್ಲಿ ಎಲೆಕ್ಟ್ರೋಡ್ ಇಳಿಸಿ, ವೋಲ್ಟೇಜ್ ಏರಿಸುತ್ತಾ ಕರೆಂಟ್ ಅಳೆಯುವುದಕ್ಕೆ ಸ್ಕ್ಯಾನ್ ಅಂತಾರೆ; ಅಣುಗಳು ಎಲೆಕ್ಟ್ರಾನ್ ಕೊಟ್ಟಲ್ಲಿ ಕರೆಂಟ್ ಏರಿ ಗ್ರಾಫಿನಲ್ಲಿ ಪೀಕ್ ಕಾಣುತ್ತದೆ. ಮೊದಲ ಸ್ಕ್ಯಾನಿನಲ್ಲಿ ಚೆಂದದ ಪೀಕ್ ಬರುತ್ತದೆ, ಎರಡನೆಯದರಲ್ಲಿ ಕುಗ್ಗುತ್ತದೆ, ಆಮೇಲೆ ಹೆಚ್ಚುಕಡಿಮೆ ಸಪಾಟು. ಎಲೆಕ್ಟ್ರಾನ್ ಕಳೆದುಕೊಂಡ ಫೀನಾಲ್ ಅಣುಗಳು ಒಂದಕ್ಕೊಂದು ಸೇರಿ, ಕರೆಂಟ್ ಹರಿಯದ ಪಾಲಿಮರ್ ಆಗಿ, ಪಾತ್ರೆ ತಳ ಹಿಡಿದ ಹಾಗೆ ಎಲೆಕ್ಟ್ರೋಡಿಗೆ ಕಚ್ಚಿಕೊಂಡುಬಿಡುತ್ತವೆ. ಅಲ್ಯೂಮಿನಾ ಪುಡಿ ಹಾಕಿ ಮತ್ತೆ ಉಜ್ಜಬೇಕು. ತಮಾಷೆ ಏನಂದ್ರೆ, ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬರು ಬೇಕಂತಲೇ ಪಾಲಿಮರ್ ಪದರ ಬೆಳೆಸುತ್ತಾ ಕೂತಿರುತ್ತಾರೆ.

ಯಾಕೆ ಅಂತ ತಿಳಿಯೋಕೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ನೋಡಿ. ಮೆದುಳಿನಲ್ಲಿ ಅದಕ್ಕಿಂತ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಎಷ್ಟೋ ಪಟ್ಟು ಜಾಸ್ತಿ. ಬರೀ ಕಾರ್ಬನ್ ಎಲೆಕ್ಟ್ರೋಡಿನಲ್ಲಿ ಎರಡೂ ಸುಮಾರು ಒಂದೇ ವೋಲ್ಟೇಜಿನಲ್ಲಿ ಎಲೆಕ್ಟ್ರಾನ್ ಕಳೆದುಕೊಂಡು ಆಕ್ಸಿಡೈಸ್ ಆಗುತ್ತವೆ, ಪೀಕ್ ಯಾರದ್ದು ಅಂತಲೇ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ, 2 ಎಲೆಕ್ಟ್ರಾನ್ ಕೊಟ್ಟು ಕ್ವಿನೋನ್ ಆದ ಡೋಪಮೈನನ್ನು ಆಸ್ಕಾರ್ಬೇಟ್ (ಅದೇ ವಿಟಮಿನ್ ಸಿ) ಮತ್ತೆ ಡೋಪಮೈನ್ ಮಾಡಿಬಿಡುತ್ತದೆ. ಒಂದೇ ಅಣು ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ!

ಇಲ್ಲಿ ಕೈ ಹಿಡಿಯುವುದು ಚಾರ್ಜ್. ದೇಹದೊಳಗಿನ ಹಾಗೆ ಪಿಎಚ್ 7.4 ಇದ್ದಾಗ ಡೋಪಮೈನ್ ಪಾಸಿಟಿವ್, ಆಸ್ಕಾರ್ಬೇಟ್ ನೆಗೆಟಿವ್. ಎಲೆಕ್ಟ್ರೋಡಿಗೆ ಪದರವಾಗಿ ಲೇಪಿಸುವ ನಾಫಿಯಾನ್ ಎಂಬ ಪಾಲಿಮರಿನಲ್ಲಿರುವ ಸಲ್ಫೋನೇಟ್ ಗುಂಪುಗಳೂ ನೆಗೆಟಿವ್. ಹಾಗಾಗಿ ಡೋಪಮೈನ್ ಒಳಗೆ ಬರುತ್ತದೆ, ಆಸ್ಕಾರ್ಬೇಟ್ ಬಹುಪಾಲು ಹೊರಗೇ ಉಳಿಯುತ್ತದೆ. ಅಮೆರಿಕದ ರಸಾಯನ ವಿಜ್ಞಾನಿ ರಾಲ್ಫ್ ಆಡಮ್ಸ್ ಮತ್ತು ಜೊತೆಗಾರರು 1984ರಲ್ಲಿ ನಾಫಿಯಾನ್ ಲೇಪಿಸಿದ ಎಲೆಕ್ಟ್ರೋಡನ್ನು ಮೆದುಳಿನ ಅಳತೆಗೆ ತಂದಿದ್ದು ಇದೇ ನಂಬಿಕೆಯ ಮೇಲೆ. ಆದರೆ ಪದರ ದಪ್ಪವಾದರೆ ಡೋಪಮೈನ್ ಕೂಡ ನಿಧಾನಕ್ಕೆ ತಲುಪುತ್ತದೆ, ಕ್ಷಣದಲ್ಲಿ ಆಗುವ ಏರಿಳಿತ ಕೈತಪ್ಪುತ್ತದೆ.

ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದಲೂ ಡೋಪಮೈನ್ ಮೇಲೆ ಬೇಕಾದಷ್ಟು ಪೇಪರುಗಳು ಬಂದಿವೆ. ಅಲ್ಲಿ ಜಾಸ್ತಿ ಬಳಸುವುದು ಕಾರ್ಬನ್ ಪೇಸ್ಟ್: ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಹಾಕಿ ಅರೆದು, ಕೊಳವೆಗೆ ತುಂಬಿ, ಕಾಗದದ ಮೇಲೆ ಉಜ್ಜಿ ನುಣುಪು ಮಾಡುವುದು. ಅದನ್ನು ಗ್ಲೈಸೀನ್ ತರಹದ ಅಮೈನೋ ಆಮ್ಲದ ದ್ರಾವಣದಲ್ಲೋ, ಯಾವುದಾದರೂ ಡೈ ದ್ರಾವಣದಲ್ಲೋ ಇಳಿಸಿ ವೋಲ್ಟೇಜನ್ನು ಮೇಲೆ ಕೆಳಗೆ ಓಡಿಸಿದರೆ ಪದರ ಅಲ್ಲೇ ಬೆಳೆಯುತ್ತದೆ. ಅಗ್ಗದ ಕೆಲಸ. ಕೆಟ್ಟರೆ ತುದಿಯ ಪೇಸ್ಟ್ ತೆಗೆದು ಬೇರೆ ತುಂಬಿದರಾಯ್ತು.

ನನ್ನ ತಕರಾರು ಯಾವುದೋ ಒಂದು ಲ್ಯಾಬಿನ ಮೇಲಲ್ಲ, ಈ ಇಡೀ ಕ್ಷೇತ್ರದ ಮೇಲೆ. ದಿನಕ್ಕೊಂದು ಹೊಸ ಪದರ ಬರುತ್ತದೆ. ಅದರ ದಪ್ಪ ಎಷ್ಟು, ಪದೇ ಪದೇ ಅಳೆದ ಮೇಲೆ ಪೀಕ್ ಎಷ್ಟು ಉಳಿಯಿತು ಅನ್ನುವುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ‘ರಿಯಲ್ ಸ್ಯಾಂಪಲ್’ ಅಂತ ತೋರಿಸುವುದು ಎಷ್ಟೋ ಸಲ ಡೋಪಮೈನ್ ಇಂಜೆಕ್ಷನ್ನಿಗೆ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಬೆರೆಸಿದ್ದು, ಅಷ್ಟೇ. ಅದರಲ್ಲಿ ಪ್ರೋಟೀನ್ ಎಲ್ಲಿಂದ ಬರಬೇಕು? ರಕ್ತದ ಪ್ರೋಟೀನ್ ಬಂದು ಅಂಟಿಕೊಂಡ ಮೇಲೂ ಪದರ ಕೆಲಸ ಮಾಡುತ್ತಾ ಅನ್ನುವುದನ್ನು ತಾನೇ ನೋಡಬೇಕಿದ್ದು?