ಬಾಯಿ ನಿಲ್ಲದ ಮಚ್ಚು

ಮೈಸೂರಿನಲ್ಲಿ ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ ಅಂದರೆ ಮಂಡ್ಯ ಕಡೆಯ ನೆಂಟರು ಮೊದಲು ಕೇಳುತ್ತಿದ್ದದ್ದು, "ಜಲ್ಲಿ, ಎಂ-ಸ್ಯಾಂಡ್ ವ್ಯವಹಾರಾನಾ?" ಅವರ ತಪ್ಪೇನಿಲ್ಲ. ನಮ್ಮ ಕಡೆ ಮೆಟೀರಿಯಲ್ ಅಂದರೆ ಮನೆ ಕಟ್ಟುವಾಗ ಟ್ರ್ಯಾಕ್ಟರಿನಲ್ಲಿ ಬಂದು ಅಂಗಳದಲ್ಲಿ ಬೀಳುವುದು. ಅಪ್ಪನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದರೋ ಏನೋ. ಕೇಳಲಿಲ್ಲ. ಫೀಸು ಕಟ್ಟಿದರು, ಅಷ್ಟೆ.

ಮೂರನೇ ವರ್ಷದಲ್ಲಿ ಒಂದು ಭಾನುವಾರ ಊರಿಗೆ ಹೋದಾಗ ಕಬ್ಬು ಕಟಾವು ನಡೆದಿತ್ತು. ಅಪ್ಪ ಹೊಸ ಮಚ್ಚು ಹಿಡಿದು ಬೈಯುತ್ತಾ ಕೂತಿದ್ದರು. ಲಾರಿ ಸ್ಪ್ರಿಂಗಿನ ಹಳೇ ಪ್ಲೇಟು ಕೊಟ್ಟು ನಮ್ಮೂರ ಆಚಾರ್ರ ಹತ್ತಿರ ಮಾಡಿಸಿದ್ದಂತೆ. ಬೆಳಿಗ್ಗೆ ಮಸೆದರೆ ಹತ್ತು ಗಂಟೆಗೆಲ್ಲ ಮೊಂಡ.

"ಬಾಯೇ ನಿಲ್ತಿಲ್ಲ ಕಣೋ. ನಾನು ಕೊಟ್ಟಿದ್ದ ಪ್ಲೇಟು ಇಟ್ಕೊಂಡು ಇನ್ಯಾವುದೋ ಕಬ್ಬಿಣ ತಟ್ಟಿ ಕೊಟ್ಟವ್ನೆ."

ಆ ವಾರ ನಮಗೆ ಲ್ಯಾಬ್‌ನಲ್ಲಿ ಉಕ್ಕಿನ ಒಳರಚನೆ ನೋಡುವ ಪಾಠ ಇತ್ತು. ಸ್ಯಾಂಪಲ್ ನಾವೇ ತರಬಹುದು ಅಂದಿದ್ದರು. "ನಂಗೆ ಕೊಡಿ ಅಪ್ಪ, ಏನು ಕಬ್ಬಿಣ ಅಂತ ನೋಡಿ ಹೇಳ್ತೀನಿ" ಅಂದೆ. ಅಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಹೆಂಗೂ ಕೆಲ್ಸಕ್ಕೆ ಬರಲ್ಲ, ತಗೊಂಡೋಗು."

ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿ, ಅದರ ಮೇಲೆ ಎರಡು ಲುಂಗಿ ಸುತ್ತಿ ಬ್ಯಾಗಿಗೆ ತುರುಕಿದೆ. ಬೆಳಗಿನ ರೈಲಿನಲ್ಲಿ ಮೈಸೂರು ತಲುಪುವವರೆಗೂ ಎದೆ ಡವಡವ. ಪಾಂಡವಪುರದಲ್ಲಿ ಪೊಲೀಸಿನವರೊಬ್ಬರು ಹತ್ತಿ ಎದುರಿಗೇ ಕೂತರು. ಅವರಿಗೆ ನಿದ್ದೆ ಹತ್ತಿತು, ಬದುಕಿದೆ.

ಲ್ಯಾಬ್‌ನಲ್ಲಿ ಮಚ್ಚಿನ ಬಾಯಿಯ ಕಡೆಯಿಂದಲೇ ಬೆರಳಗಲದ ತುಂಡು ಕುಯ್ದೆವು. ಕುಯ್ಯುವಾಗ ನೀರು ಹರಿಯುತ್ತಲೇ ಇರಬೇಕು. ಬಿಸಿಯಾದರೆ ಒಳರಚನೆ ಬದಲಾಗುತ್ತದೆ. ಆಮೇಲೆ ನಮಗೆ ಕಾಣುವುದು ಆಚಾರ್ರ ಕೆಲಸ ಅಲ್ಲ, ನಮ್ಮ ಮೆಷಿನ್ನಿನ ಕೆಲಸ.

ಆಮೇಲೆ ಉಜ್ಜುವುದು. ಈ ಕೋರ್ಸಿಗೆ ಸೇರುವಾಗ ಇದನ್ನು ಯಾರೂ ಹೇಳಿರಲಿಲ್ಲ. ಎಮರಿ ಪೇಪರ್ 220, 400, 600, 800, 1000, 1200. ನಂಬರ್ ಏರಿದಷ್ಟೂ ಪೇಪರ್ ನಯ. ಒಂದೊಂದು ಪೇಪರಿಗೂ ತುಂಡನ್ನು ಅಡ್ಡಕ್ಕೆ ತಿರುಗಿಸಿ, ಹಿಂದಿನ ಗೀರು ಪೂರ್ತಿ ಅಳಿಯುವ ತನಕ ಉಜ್ಜಬೇಕು. ನಾನು ಬುದ್ಧಿವಂತಿಕೆ ಮಾಡಿ 800 ಬಿಟ್ಟು ಸೀದಾ 1000ಕ್ಕೆ ಹೋದೆ. ಬಟ್ಟೆಯ ಮೇಲೆ ಪಾಲಿಶ್ ಮಾಡಿದ ಮೇಲೆ ಕಣ್ಣಿಗೆ ಕನ್ನಡಿಯ ಹಾಗೇ ಇತ್ತು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಉತ್ತ ಹೊಲ. ಲ್ಯಾಬ್ ಅಟೆಂಡರ್ ಅಣ್ಣ ಏನೂ ಮಾತಾಡದೆ 600ರ ಪೇಪರ್ ತಂದು ಮುಂದೆ ಇಟ್ಟು ಹೋದರು. ಮಧ್ಯಾಹ್ನದ ಊಟ ಹೋಯಿತು. ಬೆರಳ ತುದಿಯ ಚರ್ಮವೂ ಹೋಯಿತು.

ಕೊನೆಗೆ ನೈಟಾಲ್. ಹೆಸರು ದೊಡ್ಡದು, ಇರುವುದು ಆಲ್ಕೋಹಾಲ್‌ನಲ್ಲಿ ಬೆರೆಸಿದ 2 ಪರ್ಸೆಂಟ್ ನೈಟ್ರಿಕ್ ಆಸಿಡ್. ಕೆಲವೇ ಸೆಕೆಂಡು ಅದ್ದಿದರೆ ಕನ್ನಡಿ ಮಂಕಾಗುತ್ತದೆ. ತಕ್ಷಣ ತೊಳೆಯಬೇಕು, ತಡವಾದರೆ ಸುಟ್ಟು ಕಪ್ಪಾಗಿ ಮತ್ತೆ ಎಮರಿ ಪೇಪರಿಗೇ ವಾಪಸ್. ಈ ಸಲ ಹಾಗಾಗಲಿಲ್ಲ, ದೇವರು ದೊಡ್ಡವನು.

ನೋಡಿದೆ. ತುಂಡಿನ ನಡುವೆ ಸೂಜಿ ಸೂಜಿಯಾಗಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದ ಒಣಹುಲ್ಲಿನ ಹಾಗೆ ಕಂಡಿತು. ಮಾರ್ಟೆನ್ಸೈಟ್. ಕೆಂಪಗೆ ಕಾದ ಉಕ್ಕನ್ನು ದಿಢೀರ್ ಅಂತ ತಣಿಸಿದರೆ ಹುಟ್ಟುವ ರಚನೆ. ಗಡಸುತನ ಎಲ್ಲ ಅದರದ್ದೇ. ಅಂದರೆ ಕಬ್ಬಿಣ ಬದಲಾಗಿಲ್ಲ, ಹದವೂ ಕೆಟ್ಟಿಲ್ಲ! ಮತ್ತೆ ಬಾಯಿ ಯಾಕೆ ನಿಲ್ಲುತ್ತಿಲ್ಲ?

ಅಂಚಿನ ಕಡೆ ಸರಿಸಿದೆ. ಸೂಜಿಗಳು ಕಮ್ಮಿಯಾಗುತ್ತಾ ಹೋಗಿ, ಎರಡೂ ಮೈಗಳ ಉದ್ದಕ್ಕೂ ಒಂದು ಬಿಳೀ ಪಟ್ಟಿ. ಬಾಯಿಯ ತುದಿಯಲ್ಲಿ ಎರಡೂ ಕಡೆಯ ಬಿಳುಪು ಸೇರಿ ತುದಿ ಪೂರ್ತಿ ಬಿಳಿ. ನಾನು ಸರಿಯಾಗಿ ತೊಳೆದಿಲ್ಲ ಅಂದುಕೊಂಡೆ. ಮೇಡಂ ಬಂದು ನೋಡಿ, "ಗಡಸುತನ ಅಳೆದು ನೋಡು, ಗೊತ್ತಾಗುತ್ತೆ" ಅಂದರು. ಪುಟ್ಟ ವಜ್ರದ ಮೊನೆ ಒತ್ತಿ ಅದು ಬಿಟ್ಟ ಗುರುತನ್ನು ಅಳೆಯುವುದು. ಒಳಗೆ ಗುರುತು ಚಿಕ್ಕದು, ಬಿಳೀ ಪಟ್ಟಿಯಲ್ಲಿ ಅದರ ಹೆಚ್ಚುಕಮ್ಮಿ ಎರಡರಷ್ಟು ದೊಡ್ಡದು. ಅಷ್ಟು ಮೆತ್ತಗೆ.

ಕುಲುಮೆಯಲ್ಲಿ ಮತ್ತೆ ಮತ್ತೆ ಕಾಯಿಸುವಾಗ ಮೇಲ್ಪದರದ ಇಂಗಾಲ ಗಾಳಿಯ ಆಕ್ಸಿಜನ್ ಜೊತೆ ಸೇರಿ ಹಾರಿಹೋಗುತ್ತದೆ. ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ ಇರುವುದೇ ನೂರಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದೂ ಹೋದರೆ ಉಳಿಯುವುದು ಬರೀ ಮೆತ್ತನೆ ಕಬ್ಬಿಣ. ನೀರಿಗೆ ಅದ್ದಿದರೂ ಅದು ಗಡುಸಾಗುವುದಿಲ್ಲ.

ಮೇಡಂ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೂತಿದೆ. ನಮ್ಮ ಮೈಸೂರು ಸೀಮೆಯವರು ಹಿಂದೆ ಇದರ ಉಲ್ಟಾ ಮಾಡುತ್ತಿದ್ದರು. ಮೆತ್ತನೆ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು, ಮಣ್ಣಿನ ಮೂಸೆಯ ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಗಾಳಿ ಆಡುವಂತಿಲ್ಲ, ಇಂಗಾಲ ಒಳಗೇ ಇಳಿಯಬೇಕು. 1800ರಲ್ಲಿ ಈ ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಬುಕಾನನ್ ಅದನ್ನು ಕಂಡು ಬರೆದಿಟ್ಟಿದ್ದಾನೆ. ಆ ಉಕ್ಕನ್ನು ಇಂಗ್ಲಿಷಿನವರು ವೂಟ್ಜ್ ಅಂದರು. ನಮ್ಮ 'ಉಕ್ಕು' ಅವರ ಬಾಯಲ್ಲಿ ಹಾಗಾಯಿತು ಅಂತ ಬಹಳ ಜನ ಹೇಳುತ್ತಾರೆ. ಇದನ್ನು ಪರೀಕ್ಷೆಯಲ್ಲಿ ಎರಡು ಮಾರ್ಕ್ಸಿಗೆ ಕೇಳುತ್ತಾರೆ. ನನಗೆ ಯಾಕೋ ಹತ್ತು ಮಾರ್ಕ್ಸಿಗೆ ಕೇಳಬೇಕು ಅನ್ನಿಸುತ್ತದೆ.

ಮುಂದಿನ ಭಾನುವಾರ ಅಪ್ಪನನ್ನೂ ಮಚ್ಚನ್ನೂ ಕರೆದುಕೊಂಡು ಕುಲುಮೆಗೇ ಹೋದೆ. ಆಚಾರ್ರಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. "ಆಚಾರ್ರೇ, ಈ ಬಿಳೀದು ಇದೆಯಲ್ಲ, ಇದು ಮೆತ್ತಗಿದೆ" ಅಂತ ಶುರು ಮಾಡಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಸಿಪ್ಪೆ ಅದು" ಅಂದರು. "ತಿದಿ ಇದ್ದಾಗ ಇಷ್ಟು ಬರ್ತಿರ್ಲಿಲ್ಲ. ಈ ಕರೆಂಟಿನ ಬ್ಲೋವರ್ ಬಂದ್ಮೇಲೆ ಗಾಳಿ ಜಾಸ್ತಿ, ಸಿಪ್ಪೆನೂ ಜಾಸ್ತಿ. ಕಲ್ಲಿಗೆ ಹಾಕಿ ಎಲ್ಡು ಮೂರು ಸಲ ಚೆನ್ನಾಗಿ ಮಸೆದ್ರೆ ಹೋಯ್ತದೆ. ಆಮೇಲೆ ಬಾಯಿ ನಿಲ್ತದೆ. ನಿಮ್ಮಪ್ಪಂಗೆ ಅವತ್ತೇ ಹೇಳಿದ್ನಲ್ಲಪ್ಪ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಬ್ಲೋವರ್ ಕಡೆ ನೋಡುತ್ತಿದ್ದರು. ಆಮೇಲೆ ನನ್ನ ಕೈಯಿಂದ ಮಚ್ಚು ಇಸಿದುಕೊಂಡು, ಬಾಯಿಯ ಮಧ್ಯೆ ನಾವು ಕುಯ್ದಿದ್ದ ಬೆರಳಗಲದ ಸಂದಿಯಲ್ಲಿ ಬೆರಳಿಟ್ಟರು. ಸರಿಯಾಗಿ ಕೂತಿತು.

"ಸಿಪ್ಪೆ ಮಸೆದ್ರೆ ಹೋಗ್ತದಂತೆ" ಅಂದರು. "ಇದನ್ನ ಯಾವ ಕಲ್ಲಲ್ಲಿ ಮಸೀಲಿ?"